ಸೋಲಿಗೊಂದು ಹಾಡು ಸಿಕ್ಕಿತು

ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಮೈಕಿನಲ್ಲಿ ತಪ್ಪದೆ ಕೇಳಿಬರುವ ಹಾಡುಗಳಲ್ಲಿ ಒಂದು, ಸಾಯುವ ಸೈನಿಕರು ದೇಶವನ್ನು ಉಳಿದವರ ಕೈಗೊಪ್ಪಿಸಿ ಹೋಗುವ ಹಾಡು. ಕೈಫಿ ಆಜ್ಮಿ ಬರೆದು, ಮದನ್ ಮೋಹನ್ ರಾಗ ಕೂಡಿಸಿ, ಮೊಹಮ್ಮದ್ ರಫಿ ಹಾಡಿದ್ದು. ಕೇಳಿದವರ ಎದೆ ಉಬ್ಬುತ್ತದೆ. ನಾವು ಸೋತ ಯುದ್ಧದ ಹಾಡು ಅದೆಂಬುದು ಎಷ್ಟು ಜನರಿಗೆ ನೆನಪಿದೆಯೋ!

ಚೀನಾ ಯುದ್ಧ ಮುಗಿದದ್ದು 1962ರ ನವೆಂಬರ್ 21ರಂದು. ಆ ಹಾಡಿರುವ ಚಿತ್ರ, ಚೇತನ್ ಆನಂದ್ ಅವರ ‘ಹಕೀಕತ್’, ತೆರೆಗೆ ಬಂದದ್ದು 1964ರಲ್ಲಿ, ಗಾಯ ಇನ್ನೂ ಹಸಿಯಾಗಿದ್ದಾಗ. ಪಂಜಾಬಿನ ಮುಖ್ಯಮಂತ್ರಿ ಪ್ರತಾಪ್ ಸಿಂಗ್ ಕೈರೋನ್ ಬೆನ್ನಿಗೆ ನಿಂತರು, ಸೇನೆ ಸಹಕರಿಸಿತು, ಲಡಾಖ್‌ನಲ್ಲೇ ಚಿತ್ರೀಕರಣ ನಡೆಯಿತು. ಬಲರಾಜ್ ಸಾಹನಿ, ಧರ್ಮೇಂದ್ರ ಬಣ್ಣ ಹಚ್ಚಿದರು. ಚಿತ್ರವನ್ನು ಅರ್ಪಿಸಿದ್ದು ಅದೇ ವರ್ಷ ತೀರಿಕೊಂಡ ನೆಹರೂ ಅವರಿಗೆ.

ಲಡಾಖ್ ಸುಮ್ಮನೆ ಸಿಕ್ಕ ಹಿನ್ನೆಲೆಯಲ್ಲ. ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ 13 ಕುಮಾವೋಂ ಕಂಪನಿಯ ನೂರಕ್ಕೂ ಹೆಚ್ಚು ಜನ ಕೊನೆಯವರೆಗೂ ಕಾದಾಡಿ ಮಡಿದಿದ್ದರು. ಬದುಕಿ ಬಂದವರ ಮಾತನ್ನು ಮೊದಮೊದಲು ಯಾರೂ ನಂಬಲಿಲ್ಲ. 1963ರ ಆರಂಭದಲ್ಲಿ ಹಿಮದಡಿ ಬಂದೂಕು ಹಿಡಿದಂತೆಯೇ ಮರಗಟ್ಟಿದ್ದ ಶವಗಳು ಸಿಕ್ಕ ಮೇಲೆ ನಂಬದೆ ವಿಧಿಯಿರಲಿಲ್ಲ. ಸಿನಿಮಾಕ್ಕೆ ಬೇಕಾದ ವೀರಮರಣ ಅಲ್ಲಿತ್ತು, ಅಪ್ಪಟ ಸತ್ಯವಾಗಿಯೇ ಇತ್ತು.

ಆದರೆ ಆ ಯುದ್ಧದ ನಿಜವಾದ ಅವಮಾನ ನಡೆದದ್ದು ಇನ್ನೊಂದು ತುದಿಯಲ್ಲಿ, ಆಗ ನೇಫಾ ಎನ್ನುತ್ತಿದ್ದ ಇಂದಿನ ಅರುಣಾಚಲದಲ್ಲಿ. ಅಕ್ಟೋಬರ್ 20ರ ಬೆಳಗಾಗುವಾಗ ನಾಮ್ಕಾ ಚೂ ಹೊಳೆಯ ದಂಡೆಯ ಮೇಲೆ ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡ್ ಕೆಲವೇ ತಾಸುಗಳಲ್ಲಿ ಪುಡಿಯಾಯಿತು. ಚಳಿಗೆ ತಕ್ಕ ಬಟ್ಟೆ ಇರಲಿಲ್ಲ, ಗುಂಡುಗಳಿಗೂ ಬರ. ಹೊಳೆದಂಡೆ ಕಾಯಲು ತಕ್ಕ ಜಾಗವಲ್ಲವೆಂದು ಅಲ್ಲಿದ್ದವರಿಗೆ ಗೊತ್ತಿತ್ತು. ಹಿಂದೆ ಸರಿಯಲು ಅಪ್ಪಣೆ ಮಾತ್ರ ಬರಲಿಲ್ಲ. ದಳವಿ ಸೆರೆಯಾದರು. ಮುಂದಿನ ತಿಂಗಳು ಸೆ ಲಾ, ಬೊಮ್ಡಿಲಾ ಬಿದ್ದವು, ತೇಜ್‌ಪುರದ ಜನ ಊರು ಬಿಟ್ಟರು. ಇದನ್ನು ತೆರೆಗೆ ತರಬೇಕಾದರೆ ದಿಲ್ಲಿಯ ಕಚೇರಿಗಳಿಗೂ ಕ್ಯಾಮೆರಾ ಒಯ್ಯಬೇಕಾಗುತ್ತಿತ್ತು. ಸರ್ಕಾರದ, ಸೇನೆಯ ನೆರವು ಪಡೆದ ಚಿತ್ರದಿಂದ ಅದನ್ನು ನಿರೀಕ್ಷಿಸುವುದೂ ಅನ್ಯಾಯವೇ.

ಹಾಗೆಂದು ‘ಹಕೀಕತ್’ ಅಗ್ಗದ ಚಿತ್ರವಲ್ಲ. ಈಚಿನ ಎಷ್ಟೋ ಯುದ್ಧಚಿತ್ರಗಳ ಕಿರುಚಾಟ ಅದರಲ್ಲಿಲ್ಲ. ದಣಿದ, ದಿಕ್ಕುಗೆಟ್ಟ, ಮನೆಯ ಕಾಗದಕ್ಕೆ ಹಂಬಲಿಸುವ ಹುಡುಗರಿದ್ದಾರೆ. ಅದು ಮಾಡಿದ್ದು ಇಷ್ಟೇ: ಯಾರ ತಪ್ಪು ಎಂದು ಕೇಳಬೇಕಾದ ಹೊತ್ತಿನಲ್ಲಿ ನಮ್ಮನ್ನು ಅಳಿಸಿತು. ತಪ್ಪೆಲ್ಲಿ ಎಂದು ಹುಡುಕಿದ್ದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಿದ್ಧವಾಗಿತ್ತು. ಸರ್ಕಾರ ಅದನ್ನು ಇನ್ನೂ ಬಿಡುಗಡೆ ಮಾಡಿಲ್ಲ. ಚಿತ್ರಕ್ಕೆ ಮಾತ್ರ ರಾಷ್ಟ್ರಪ್ರಶಸ್ತಿ ಸಿಕ್ಕಿತು.

‘ಹಕೀಕತ್’ ಹಾಕಿಕೊಟ್ಟ ದಾರಿ ಹಾಗೇ ಉಳಿಯಿತು. 2019ರಲ್ಲಿ ‘72 ಅವರ್ಸ್’ ಪೂರ್ವಕ್ಕೇನೋ ಹೋಯಿತು. ಅಲ್ಲಿಯೂ ಹೆಕ್ಕಿಕೊಂಡದ್ದು ನೂರಾನಂಗ್‌ನ ಜಸ್ವಂತ್ ಸಿಂಗ್ ರಾವತ್ ಎಂಬ ಒಬ್ಬ ವೀರನನ್ನು. 2025ರ ‘120 ಬಹಾದುರ್’ ಮತ್ತೆ ರೆಜಾಂಗ್ ಲಾಕ್ಕೇ ಮರಳಿತು.

ಕನ್ನಡಿಗರ ನೆನಪು ಈ ವಿಷಯದಲ್ಲಿ ತುಸು ಬೇರೆ ಎನಿಸುತ್ತದೆ. ಸೆರೆಯಿಂದ ಬಿಡುಗಡೆಯಾದ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’ ಅನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಅದನ್ನು ಓದಿದ ಇಲ್ಲಿನವರಿಗೆ 1962 ಎಂದರೆ ಥಟ್ಟನೆ ಬಾಯಿಗೆ ಬರುವುದು ನಾಮ್ಕಾ ಚೂ, ಜೊತೆಗೆ ನೆಹರೂ ಮತ್ತು ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಮೇಲಿನ ಸಿಟ್ಟು.