ಪಿಯುಸಿ ಗಣಿತದ ಆ 41 ಅಂಕ

ನನ್ನ ದ್ವಿತೀಯ ಪಿಯುಸಿ ಅಂಕಪಟ್ಟಿಯನ್ನು ಮೂರು ವರ್ಷ ಬೀರುವಿನ ತಳದಲ್ಲಿ ಮುಚ್ಚಿಟ್ಟಿದ್ದೆ. ಬಯಾಲಜಿಯಲ್ಲಿ 93, ಗಣಿತದಲ್ಲಿ 41. ಎರಡೂ ಒಂದೇ ಹುಡುಗಿಯ ಅಂಕಗಳಾ ಎಂದು ಲೆಕ್ಚರರ್ ಒಬ್ಬರು ಎಲ್ಲರೆದುರೇ ಕೇಳಿದ್ದರು. ಆ ಅವಮಾನಕ್ಕೇ ಡಿಗ್ರಿಯಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ತೆಗೆದುಕೊಂಡೆ. ಇನ್ನು ಈ ಜನ್ಮದಲ್ಲಿ ಇಂಟಿಗ್ರೇಷನ್ ಮುಖ ನೋಡಬೇಕಿಲ್ಲ ಎಂದು ಅರಸೀಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನೆಮ್ಮದಿಯ ಉಸಿರು ಬಿಟ್ಟಿದ್ದೆ.

ಕೊನೆಯ ವರ್ಷದಲ್ಲಿ ಜುವಾಲಜಿ ಮೇಡಂ ಕೊರೊನಾ ವೈರಸ್ಸಿನ ರೂಪಾಂತರಿಗಳನ್ನು ಹೇಗೆ ಗುರುತಿಸುತ್ತಾರೆ ಎಂದು ವಿವರಿಸಿದರು. ವೈರಸ್ಸಿನ ಜೀನೋಮನ್ನು ಅಕ್ಷರಗಳ ಸಾಲಾಗಿ ಬರೆದುಕೊಂಡು, ಹಳೆಯದರ ಜೊತೆ ಕಂಪ್ಯೂಟರಿನಲ್ಲಿ ಹೋಲಿಸುತ್ತಾರಂತೆ. ಅವತ್ತೇ ನಿರ್ಧರಿಸಿಬಿಟ್ಟೆ, ಓದಿದರೆ ಕಂಪ್ಯುಟೇಷನಲ್ ಬಯಾಲಜಿ ಎಂ.ಎಸ್ಸಿ. ನೆರೆರಾಜ್ಯದ ವಿಶ್ವವಿದ್ಯಾಲಯವೊಂದರ ಪ್ರಕಟಣೆಯಲ್ಲಿ ‘ಯಾವುದೇ ವಿಜ್ಞಾನ ಪದವಿ, ಕನಿಷ್ಠ ಶೇ 55’ ಎಂದಿತ್ತು. ನನ್ನದು ಶೇ 78. ಅರ್ಜಿ ಶುಲ್ಕ ಕಟ್ಟಿ ಪರೀಕ್ಷೆ ಬರೆದೆ, ಪಟ್ಟಿಯಲ್ಲಿ ಹೆಸರೂ ಬಂತು.

ದಾಖಲೆ ಪರಿಶೀಲನೆಗೆ ಅಪ್ಪ ಕೊಬ್ಬರಿ ಮಂಡಿ ಕೆಲಸ ಬಿಟ್ಟು ನನ್ನ ಜೊತೆ ಬಂದರು. ಕೌಂಟರಿನಲ್ಲಿದ್ದವರು ಅಂಕಪಟ್ಟಿಗಳನ್ನು ಮೂರು ಬಾರಿ ತಿರುವಿ ಹಾಕಿ, ‘ಡಿಗ್ರಿಯಲ್ಲಿ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಒಂದು ಪೇಪರ್ ಆದರೂ ಇರಬೇಕಿತ್ತಲ್ಲಮ್ಮ’ ಎಂದರು. ಪ್ರಾಸ್ಪೆಕ್ಟಸ್ ತೆಗೆದರೆ ಆ ಸಾಲಿನ ಪಕ್ಕ ಒಂದು ನಕ್ಷತ್ರ ಚಿಹ್ನೆ. ಅದರ ವಿವರಣೆ ಹತ್ತು ಪುಟ ದಾಟಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ನಾನು ಓದಿರಲಿಲ್ಲ, ತಪ್ಪು ನನ್ನದೇ. ಆದರೆ ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ ಇದನ್ನು ಕೇಳಬಹುದಿತ್ತಲ್ಲ ಎಂಬ ಸಿಟ್ಟು ಇನ್ನೂ ಇದೆ.

ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, ‘ಗಿಡ, ಪ್ರಾಣಿ ಓದೋಕೂ ಲೆಕ್ಕಕ್ಕೂ ಏನವ್ವಾ ಸಂಬಂಧ?’

ಅವರ ಭಾಷೆಯಲ್ಲೇ ಹೇಳಲು ನೋಡಿದೆ. ‘ಅಪ್ಪಾ, ನಿಮ್ಮ ಲೆಕ್ಕದ ಪುಸ್ತಕಾನ ಮಂಡಿಯವರ ಪುಸ್ತಕದ ಜೊತೆ ತಾಳೆ ಹಾಕ್ತೀರಲ್ಲ. ಅವರು ಒಂದು ಚೀಟಿ ಬರೆಯೋದು ಮರೆತಿದ್ರೆ?’

‘ಅಲ್ಲಿಂದಾಚೆ ಎಲ್ಲ ಸಾಲೂ ತಪ್ಪೇ ಕಾಣ್ತದೆ. ಒಂದು ಸಾಲು ಖಾಲಿ ಬಿಟ್ಕೊಂಡ್ರೆ ಮತ್ತೆ ಸರಿಹೋಗ್ತದೆ.’

ಎರಡು ಡಿಎನ್‌ಎ ಸಾಲುಗಳನ್ನು ಹೋಲಿಸುವುದೂ ಇದೇ ಕೆಲಸ. ಅಕ್ಷರ ಹೊಂದಿದರೆ ಅಂಕ ಕೂಡಿಸು, ಹೊಂದದಿದ್ದರೆ ಅಥವಾ ಖಾಲಿ ಬಿಟ್ಟರೆ ಕಳೆ. ಎಲ್ಲೆಲ್ಲಿ ಖಾಲಿ ಬಿಟ್ಟರೆ ಒಟ್ಟು ಅಂಕ ಅತಿ ಹೆಚ್ಚಾಗುತ್ತದೆ ಎಂದು ಕೋಷ್ಟಕ ಹಾಕಿ ಹುಡುಕು. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಎಂಬಿಬ್ಬರು ತೋರಿಸಿದ ದಾರಿ ಇದು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅಷ್ಟು ದೊಡ್ಡ ಪುಸ್ತಕದಲ್ಲಿ ಎರಡು ಸಾಲು ಹೊಂದಿದ್ದು ನಂಟಿನಿಂದಲೋ ಆಕಸ್ಮಿಕವೋ ಎಂದು ತಿಳಿಯಲು ಸಂಭವನೀಯತೆ ಬೇಕು. ಅಪ್ಪನಿಗೆ ಹೇಳುತ್ತಾ ಹೇಳುತ್ತಾ ಆ ನಕ್ಷತ್ರ ಚಿಹ್ನೆ ಅಲ್ಲೇಕಿತ್ತು ಎಂದು ನನಗೇ ಅರ್ಥವಾಯಿತು.

ಮುಂದಿನ ಒಂದು ತಿಂಗಳು ಹತ್ತಾರು ಪ್ರಾಸ್ಪೆಕ್ಟಸ್‌ಗಳನ್ನು ಹಿಂದಿನ ಪುಟದಿಂದ ಮುಂದಕ್ಕೆ ಓದಿದೆ. ಒಂದೊಂದು ಕಡೆ ಒಂದೊಂದು ನಿಯಮ. ಕೆಲವರಿಗೆ ಡಿಗ್ರಿಯಲ್ಲೇ ಗಣಿತ ಬೇಕು, ಕೆಲವರಿಗೆ ಪಿಯುಸಿಯಲ್ಲಿದ್ದರೆ ಸಾಕು. ಇನ್ನು ಕೆಲವರು ವಿಜ್ಞಾನ, ಎಂಜಿನಿಯರಿಂಗ್, ಕೃಷಿ ಯಾವುದಾದರೂ ಸರಿ, ಪ್ರವೇಶ ಪರೀಕ್ಷೆಯಲ್ಲಿ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಎಂ.ಟೆಕ್ ಆದರೆ ಸಾಮಾನ್ಯವಾಗಿ ಬಿ.ಇ ಅಥವಾ ಎಂ.ಎಸ್ಸಿ ಮುಗಿದಿರಬೇಕು, ಗೇಟ್ ಅಂಕ ಬೇಕು. ಮೂರು ವರ್ಷದ ಬಿ.ಎಸ್ಸಿ ಸಾಲದು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರಕ್ಕೇ ಬಂದು ನಿಂತಿದ್ದರಿಂದ, ಹೊರದೇಶದ ಆಸೆ ಇರುವವರು ಇದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ನನ್ನ ಪಾಲಿಗೆ ಉಳಿದದ್ದು ಪಿಯುಸಿ ಗಣಿತ ಸಾಕೆನ್ನುವ ಬಾಗಿಲುಗಳು. ಬೀರುವಿನ ತಳದಿಂದ ಆ 41ನ್ನು ಹೊರತೆಗೆದೆ.

ಜೈವಿಕ ತಂತ್ರಜ್ಞಾನ ಇಲಾಖೆ ನೆರವಿನ ಸ್ನಾತಕೋತ್ತರ ಕೋರ್ಸ್‌ಗಳಿಗಾಗಿ ಜಿಎಟಿ-ಬಿ ಪರೀಕ್ಷೆ ಇದೆ. ಅದರ ಮೊದಲ ಭಾಗದ 60 ಪ್ರಶ್ನೆಗಳು ಪಿಯುಸಿ ಮಟ್ಟದವು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆ ಗಣಿತವೂ ಇರುತ್ತದೆ. ತಪ್ಪು ಉತ್ತರಕ್ಕೆ ಅರ್ಧ ಅಂಕ ಖೋತಾ. ಎರಡನೇ ಭಾಗದಲ್ಲಿ 100ರಲ್ಲಿ 60 ಬರೆಯಬೇಕು, ತಲಾ ಮೂರು ಅಂಕ. ನನ್ನ ಗೆಳತಿಯೊಬ್ಬಳು ಎಡವಿದ್ದು ಪರೀಕ್ಷೆಯಲ್ಲಲ್ಲ. ಸ್ಕೋರ್ ಬಂದ ಮೇಲೆ ಸಂಸ್ಥೆಗಳಿಗೆ ಬೇರೆಯಾಗಿ ಅರ್ಜಿ ಹಾಕಬೇಕೆಂದು ಗೊತ್ತಿಲ್ಲದೆ ಸುಮ್ಮನೆ ಕೌನ್ಸೆಲಿಂಗ್‌ಗೆ ಕಾಯುತ್ತಾ ಕುಳಿತಳು. ಇದಲ್ಲದೆ ಹಲವು ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಬೇಕು. ಕೆಲವು ಸಂಸ್ಥೆಗಳು ತಮ್ಮದೇ ಪರೀಕ್ಷೆ, ಸಂದರ್ಶನ ನಡೆಸುತ್ತವೆ.

ಆ ವರ್ಷ ಮನೆಯಲ್ಲೇ ಉಳಿದೆ. ಪಿಯುಸಿ ಓದುತ್ತಿದ್ದ ತಮ್ಮನೇ ನನಗೆ ಗಣಿತದ ಮೇಷ್ಟ್ರಾದ. ‘ಅಕ್ಕಾ, ಇಷ್ಟೂ ಬರಲ್ವಾ?’ ಎನ್ನುವಾಗ ಅವನ ಮುಖದಲ್ಲಿನ ಖುಷಿ ಸಹಿಸುವುದು ಮ್ಯಾಟ್ರಿಕ್ಸ್‌ಗಿಂತ ಕಷ್ಟವಿತ್ತು. ರಾತ್ರಿ ಹೊತ್ತು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಕಲಿತೆ. ರೊಸಾಲಿಂಡ್ ಎಂಬ ಉಚಿತ ತಾಣದ ಮೊದಲ ಲೆಕ್ಕವೇ ಡಿಎನ್‌ಎ ಸಾಲಿನಲ್ಲಿ ಎ, ಸಿ, ಜಿ, ಟಿ ಎಷ್ಟಿವೆ ಎಂದು ಎಣಿಸುವುದು. ಅದು ಬಂದ ಮೇಲೆ ಎನ್‌ಸಿಬಿಐ ತಾಣದಿಂದ ವುಹಾನ್‌ನ ಕೊರೊನಾ ವೈರಸ್ಸಿನ ಜೀನೋಮನ್ನೇ ಇಳಿಸಿಕೊಂಡು ಎಣಿಸಿದೆ. ದಾಖಲೆಯಲ್ಲಿ 29,903 ಅಕ್ಷರ ಎಂದಿದೆ, ನನಗೆ ಬಂದದ್ದು 29,904. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಫೈಲಿನ ಮೊದಲ ಸಾಲಿನಲ್ಲಿ ಜೀನೋಮ್ ಇರುವುದಿಲ್ಲ, ಅದರ ಗುರುತಿನ ಸಂಖ್ಯೆ ಮತ್ತು ಹೆಸರು ಇರುತ್ತದೆ. ಆ ಸಂಖ್ಯೆ ‘ಎನ್‌ಸಿ’ ಎಂದು ಶುರುವಾಗುತ್ತದೆ. ಅದರ ‘ಸಿ’ಯನ್ನೂ ನನ್ನ ಪ್ರೋಗ್ರಾಂ ಎಣಿಸಿಬಿಟ್ಟಿತ್ತು!

ಮರುವರ್ಷ ಒಂದು ಸಂಸ್ಥೆಯ ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿ ನೋಡಿ ಮೊದಲು ಕೇಳಿದ್ದೇ ಆ 41ರ ಬಗ್ಗೆ. ಆಗ ಭಯವಿತ್ತು, ಈಗ ಓದಿದ್ದೇನೆ ಎಂದೆ. ‘ಏನು ಮಾಡಿದ್ದೀರಿ, ಹೇಳಿ’ ಎಂದರು. ಹೆಚ್ಚಾದ ಒಂದು ಅಕ್ಷರದ ಕಥೆ ಹೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ಪೇಪರ್ ಕೊಟ್ಟು ಎರಡು ಪುಟ್ಟ ಸಾಲುಗಳನ್ನು ಹೊಂದಿಸಿ ತೋರಿಸಲು ಹೇಳಿದರು. ಅಪ್ಪನ ಲೆಕ್ಕದ ಪುಸ್ತಕವನ್ನು ನೆನೆದು ಕೋಷ್ಟಕ ಹಾಕಿದೆ.

ಸೀಟು ಸಿಕ್ಕಿತು. ನಮ್ಮ ಕ್ಲಾಸಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವರೂ ಇದ್ದಾರೆ. ಕೋಡ್ ಬರೆಯಲು ನಾನು ಅವರ ಪಕ್ಕ ಕೂರುತ್ತೇನೆ, ಕೋಡಾನ್ ಎಂದರೇನು ಎಂದು ಕೇಳಲು ಅವರು ನನ್ನ ಪಕ್ಕ ಬರುತ್ತಾರೆ.

ಮೊನ್ನೆ ಊರಿನ ಕಾಲೇಜಿನ ಜೂನಿಯರ್ ಒಬ್ಬಳು ಫೋನ್ ಮಾಡಿ, ‘ಅಕ್ಕಾ, ನಂದೂ ಸಿಬಿಜೆಡ್. ನಂಗೂ ಸಿಗುತ್ತಾ?’ ಎಂದಳು.

‘ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆ?’ ಎಂದು ಕೇಳಿದೆ. ಆ ಕಡೆಯಿಂದ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು.