ಒಣ ಸೀಮೆಯಲ್ಲೂ ಆರ್ಕಿಡ್ ಅರಳುತ್ತದೆ



ಆರ್ಕಿಡ್ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಹೇಳೋ ಮಾತು ಒಂದೇ: "ಅದು ಮಳೆನಾಡಿನ ಗಿಡರಿ, ನಮ್ಮ ಜತ್ತ ತಾಲೂಕಿನ್ಯಾಗ ಎಲ್ಲಿ ಬದುಕತದ?" ನಾನೂ ಹಾಗೇ ತಿಳಿದಿದ್ದೆ. ಯಳವಿಯಲ್ಲಿ ಬೇಸಿಗೆಗೆ ಕುಡಿಯೋ ನೀರಿಗೇ ಟ್ಯಾಂಕರ್ ದಾರಿ ಕಾಯುವಾಗ ಹೂವಿನ ಗಿಡಕ್ಕೆ ನೀರು ಎಲ್ಲಿಂದ ತರೋದು? ಆದರೂ ಆಸೆಗೆ ಒಂದು ಡೆಂಡ್ರೋಬಿಯಂ ತಂದೆ. ಒಣ ಹವೆ ಅಂತ ಹೆದರಿ ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಹಾಕಿದೆ. ಎರಡೇ ತಿಂಗಳಲ್ಲಿ ಅದರ ಬೇರು ಕಂದಾಗಿ, ಹಿಚುಕಿದರೆ ಪೊಳ್ಳಾಗಿ, ಗಿಡ ಸತ್ತೇ ಹೋಯಿತು. ಆರ್ಕಿಡ್ ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ ಅನ್ನೋದು ಆಗ ತಿಳಿಯಿತು.

ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಮೊದಲು ಆ ಗಿಡ ಎಲ್ಲಿ, ಹೇಗೆ ಬದುಕುತ್ತದೆ ನೋಡಬೇಕು.

ಬದನಿಕೆಯಲ್ಲ, ಬಾಡಿಗೆದಾರ

ಜಗತ್ತಿನಲ್ಲಿ ಆರ್ಕಿಡ್‌ಗಳ ಸುಮಾರು 28,000 ಜಾತಿಗಳಿವೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ದೇಶದ್ದೇ 1,256 ಜಾತಿ ಇವೆ. ಅವುಗಳಲ್ಲಿ ಕೆಲವು ದಖ್ಖನ್ನಿನ ಒಣ ಸೀಮೆಗೂ ಒಗ್ಗಿಕೊಂಡಿವೆ. ಅದರಲ್ಲಿ ಮುಖ್ಯವಾದದ್ದು ವಂದಾ ಟೆಸಲೇಟಾ. ಹಳೆಯ ಮಾವು, ಬೇವು, ಜಾಲಿ ಮರಗಳ ಟೊಂಗೆಗೆ ಇದು ಅಪ್ಪಿಕೊಂಡಿರುತ್ತದೆ. ಎಲೆ ದಪ್ಪ, ಉದ್ದ, ನಡುವೆ ಕಾಲುವೆಯಂತೆ ಮಡಚಿದ್ದು. ತುದಿ ಯಾರೋ ಕಚ್ಚಿ ಹರಿದಂತೆ ಹಲ್ಲು ಹಲ್ಲಾಗಿರುತ್ತದೆ. ಬೇಸಿಗೆಯಿಂದ ಮಳೆಗಾಲದ ನಡುವೆ ಹೂ ಬಿಡುತ್ತದೆ. ಹಳದಿ-ಹಸಿರು ದಳದ ಮೇಲೆ ಕಂದು ಚೌಕಳಿ, ನಡುವೆ ನೇರಳೆ ತುಟಿ, ಒಳ್ಳೆಯ ಪರಿಮಳ. ನಿಮ್ಮೂರಿನ ಹಳೆಯ ಮರಗಳ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡ್ರಿ.

ಹಳ್ಳಿಯಲ್ಲಿ ಇದನ್ನು "ಬದನಿಕೆ" ಅಂತಲೇ ಕರೆದು, ಮರಕ್ಕೆ ರೋಗ ಅಂತ ಕಡಿದು ಒಗೆಯುವವರಿದ್ದಾರೆ. ಸಂಸ್ಕೃತದ "ವಂದಾಕ" ಅನ್ನೋ ಹೆಸರಿನಿಂದಲೇ ವಂದಾ ಎಂಬ ವೈಜ್ಞಾನಿಕ ಹೆಸರು ಬಂತು. ಮರದ ಮೇಲೆ ಬೆಳೆಯುವ ಎಲ್ಲದಕ್ಕೂ ಹಿಂದಿನಿಂದ ಒಂದೇ ಹೆಸರು ಹೇಳುತ್ತಾ ಬಂದದ್ದರಿಂದ ಈ ಗೊಂದಲ.

ನಿಜವಾದ ಬದನಿಕೆ ಬೇರೆ. ಅದು ಕೊಳವೆಯಂಥ ಕೆಂಪು-ಕಿತ್ತಳೆ ಹೂ ಬಿಡುವ ಪೊದೆ. ಅದರ ಬೇರು ಟೊಂಗೆಯ ತೊಗಟೆ ಸೀಳಿ ಒಳಗೆ ಹೋಗಿ ಮರದ ನೀರು, ಲವಣ ಹೀರುತ್ತದೆ. ಆರ್ಕಿಡ್‌ನ ಬೇರು ತೊಗಟೆಯ ಮೇಲಷ್ಟೇ ಹರಿದಾಡುತ್ತದೆ. ಮರದಿಂದ ಅದು ಪಡೆಯುವುದು ನಿಲ್ಲಲು ಜಾಗ, ಸ್ವಲ್ಪ ನೆರಳು. ಮನೆ ಮಾಲೀಕನ ಅಡುಗೆಮನೆಗೆ ಕೈ ಹಾಕದ ಬಾಡಿಗೆದಾರ ಇದ್ದಂತೆ. ಪಾಠದಲ್ಲಿ ಪರಾವಲಂಬಿ ಮತ್ತು ಅಪ್ಪುಸಸ್ಯ ಅಂತ ಎರಡು ಪದ ಕಲಿಸುತ್ತೇವಲ್ಲ, ಒಂದೇ ಮಾವಿನ ಮರದಲ್ಲಿ ಎರಡನ್ನೂ ತೋರಿಸಲು ಸಾಧ್ಯವಾದರೆ ಆ ವ್ಯತ್ಯಾಸ ಮಕ್ಕಳಿಗೆ ಜನ್ಮಕ್ಕೂ ಮರೆಯುವುದಿಲ್ಲ.

ಬೇರಿನ ಯುಕ್ತಿ, ಎಲೆಯ ಯುಕ್ತಿ

ಮಣ್ಣೇ ಇಲ್ಲದ ಟೊಂಗೆಯ ಮೇಲೆ ಬದುಕುವ ಗಿಡಕ್ಕೆ ಮಳೆ ಬಂದ ಅರ್ಧ ತಾಸಷ್ಟೇ ಸುಗ್ಗಿ. ಆಮೇಲೆ ಗಾಳಿ, ಬಿಸಿಲು. ಅದಕ್ಕೇ ಅದರ ಬೇರಿಗೆ ಸತ್ತ ಕೋಶಗಳ ದಪ್ಪ ಹೊದಿಕೆಯೊಂದಿದೆ, ಹೆಸರು ವೆಲಮೆನ್. ಒಣಗಿದಾಗ ಅದರ ತುಂಬ ಗಾಳಿ, ಹಾಗಾಗಿ ಬೇರು ಬೆಳ್ಳಿಯಂತೆ ಬಿಳಿ. ನೀರು ಬಿದ್ದರೆ ಸ್ಪಂಜಿನಂತೆ ಹೀರಿ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಈ ಹೊದಿಕೆ ಸದಾ ತೊಯ್ದೇ ಇದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ನನ್ನ ಡೆಂಡ್ರೋಬಿಯಂಗೆ ಆದದ್ದು ಇದೇ.

ಎಲೆಯ ಯುಕ್ತಿ ಇನ್ನೂ ಸೊಗಸು. ಸಾಮಾನ್ಯ ಗಿಡ ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳುತ್ತದೆ, ಅದೇ ಬಾಗಿಲಿನಿಂದ ನೀರಾವಿಯೂ ಹೊರಗೆ ಹೋಗುತ್ತದೆ. ವಂದಾದಂಥ ದಪ್ಪ ಎಲೆಯ ಆರ್ಕಿಡ್ ರಾತ್ರಿ ತಂಪಿನಲ್ಲಿ ಬಾಗಿಲು ತೆರೆದು, ಸಿಕ್ಕ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲೇ ಕೂಡಿಡುತ್ತದೆ. ಹಗಲು ಬಾಗಿಲು ಮುಚ್ಚಿ, ಆ ಗಂಟು ಬಿಚ್ಚಿ ದ್ಯುತಿಸಂಶ್ಲೇಷಣೆ ನಡೆಸುತ್ತದೆ. ಕತ್ತಾಳೆ, ಪಾಪಾಸುಕಳ್ಳಿ, ಈಗೀಗ ನಮ್ಮ ತಾಲೂಕಿನ ಹೊಲಗಳಿಗೂ ಬಂದಿರುವ ಡ್ರಾಗನ್ ಫ್ರೂಟ್ ಇವೂ ಇದೇ ಜಾಣತನದವು.

ಇದರ ಮೊದಲ ಸುಳಿವುಗಳಲ್ಲೊಂದು ಸಿಕ್ಕದ್ದು ನಮ್ಮ ದೇಶದಲ್ಲೇ. ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ ಟಿಪ್ಪುವಿನ ಪತನದ ನಂತರ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದವರು. ಎಲೆಯ ಅಂಚಿನಿಂದಲೇ ಮರಿ ಹುಟ್ಟುತ್ತದಲ್ಲ, ನಾವು ಪಾಠದಲ್ಲಿ ತೋರಿಸುವ ಬ್ರಯೋಫಿಲಂ, ಅದರ ಎಲೆ ಮುಂಜಾನೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಅನ್ನೋದನ್ನು ಅವರು ಗಮನಿಸಿ ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ನಮ್ಮ ನೆರೆಯ ಸಾತಾರಾ ಜಿಲ್ಲೆಯ ಕಾಸ್ ಪ್ರಸ್ಥಭೂಮಿಯಲ್ಲಿ ಮಳೆಗಾಲದಲ್ಲಿ ಬಿಳಿ ಟೂತ್‌ಬ್ರಷ್‌ನಂತೆ ಸಾಲಾಗಿ ಹೂ ಬಿಡುವ ನೆಲದ ಆರ್ಕಿಡ್ ಹ್ಯಾಬೆನೇರಿಯಾ ಹೇಯ್ನಿಯಾನಾ ಇದೇ ಹೇಯ್ನ್ ಹೆಸರಿನದು. ಬೇಸಿಗೆಯಲ್ಲಿ ಅದರ ಎಲೆಯೂ ಇರುವುದಿಲ್ಲ. ಗಡ್ಡೆ ನೆಲದೊಳಗೆ ಮಲಗಿರುತ್ತದೆ, ಮಳೆ ಬಿದ್ದ ಮೇಲೆ ಏಳುತ್ತದೆ.

ದಾಳಿಂಬೆಯವರಿಗೆ ಗೊತ್ತಿರುವ ಗುಟ್ಟು

ಹೀಗೆ ದುಡಿಯಲು ಒಂದು ಕಾಲ, ಮಲಗಲು ಒಂದು ಕಾಲ ಇರುವುದೇ ಆರ್ಕಿಡ್ ಹೂವಿನ ಗುಟ್ಟು. ಇದನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಬಹಳ ಸುಲಭ. ದಾಳಿಂಬೆ ತೋಟದವರು ಬಹಾರ ಹಿಡಿಯುವ ಮೊದಲು ಏನು ಮಾಡತಾರ? ತಿಂಗಳುಗಟ್ಟಲೆ ನೀರು ನಿಲ್ಲಿಸಿ ಗಿಡಕ್ಕೆ "ತಾಣ" ಕೊಡತಾರ. ಎಲೆ ಉದುರುತ್ತದೆ. ಆಮೇಲೆ ಗೊಬ್ಬರ, ನೀರು ಕೊಟ್ಟರೆ ಗಿಡದ ತುಂಬ ಹೂವು. ಸದಾ ನೀರುಂಡ ಗಿಡ ಎಲೆಯನ್ನೇ ಬಿಡುತ್ತಾ ಕೂರುತ್ತದೆ.

ಸಿಕ್ಕಿಂ ರಾಜ್ಯದ ಹೂವಾದ ಡೆಂಡ್ರೋಬಿಯಂ ನೋಬಿಲೆಯದ್ದೂ ಇದೇ ಕಥೆ. ಮಳೆಗಾಲದಲ್ಲಿ ಕಬ್ಬಿನ ಗಣಿಕೆಯಂಥ ಕಾಂಡ ಬೆಳೆಸುತ್ತದೆ. ಚಳಿಗಾಲದಲ್ಲಿ ತಂಪು ರಾತ್ರಿ ಮತ್ತು ಒಣ ವಿಶ್ರಾಂತಿ ಸಿಕ್ಕರೆ ಗಣ್ಣುಗಳಲ್ಲಿ ಮೊಗ್ಗು. ಆಗಲೂ ನೀರು, ಸಾರಜನಕ ಕೊಡುತ್ತಲೇ ಹೋದರೆ ಮೊಗ್ಗಿನ ಜಾಗದಲ್ಲಿ ಮರಿಗಿಡ ಹುಟ್ಟುತ್ತವೆ. "ಗಿಡ ಚೆನ್ನಾಗಿದೆ, ಹೂ ಯಾಕ ಬರವಲ್ದು?" ಅನ್ನುವವರ ಮನೆಯಲ್ಲಿ ಬಹಳ ಸಲ ಇದೇ ಕಾರಣ. ಆದರೆ ಎಲ್ಲಾ ಆರ್ಕಿಡ್‌ಗೂ ಒಂದೇ ಪ್ರಮಾಣದ ತಾಣ ನಡೆಯುವುದಿಲ್ಲ. ವಂದಾಕ್ಕೆ ನೀರು ಕೂಡಿಡುವ ದಪ್ಪ ಕಾಂಡವಿಲ್ಲ. ಅದಕ್ಕೆ ನೀರು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಬಾರದು.

ಯಾವ ಗಿಡ, ಯಾವುದರಲ್ಲಿ?

ಹೊಸಬರು ನರ್ಸರಿಯಲ್ಲಿ ಬೆಳೆಸಿದ ಡೆಂಡ್ರೋಬಿಯಂ ಮಿಶ್ರತಳಿಯಿಂದ ಶುರು ಮಾಡ್ರಿ. ಮದುವೆ ಮಂಟಪಕ್ಕೆ ಸಿಗಿಸುವ ನೇರಳೆ ಹೂವು ಸಾಮಾನ್ಯವಾಗಿ ಇದೇ. ಬಿಸಿಲನಾಡಿಗೆ ಹೊಂದಿಕೊಳ್ಳುತ್ತದೆ, ಹೂ ಬಿಡಲು ಹೆಚ್ಚು ಚಳಿ ಬೇಡುವುದಿಲ್ಲ. ಎರಡನೆಯದು ವಂದಾ ಮಿಶ್ರತಳಿ. ಮೂರನೆಯದು ಸ್ಪ್ಯಾಥೊಗ್ಲಾಟಿಸ್, ಇದು ನೆಲದ ಆರ್ಕಿಡ್, ಎಲೆಗೊಬ್ಬರ ಮತ್ತು ಮರಳು ಬೆರೆಸಿದ ಸಡಿಲ ಮಣ್ಣಿನ ಕುಂಡದಲ್ಲಿ ಬರುತ್ತದೆ. ಅಂಗಡಿಯಲ್ಲಿ ಚಿಟ್ಟೆಯಂತೆ ಕಾಣುವ ಫೆಲನಾಪ್ಸಿಸ್‌ಗೆ ಮರುಳಾಗಬೇಡಿ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಸತತವಾಗಿದ್ದರೆ ಅದು ಹೂಕಡ್ಡಿಯನ್ನೇ ಹೊರಡಿಸುವುದಿಲ್ಲ.

ಮರದ ಮೇಲಿನ ಜಾತಿಗಳನ್ನು ಎರೆಮಣ್ಣಿನಲ್ಲಾಗಲಿ ಮಸಾರಿಯಲ್ಲಾಗಲಿ ನೆಡಲೇಬೇಡಿ. ಬದಿಗೂ ತೂತಿರುವ ಮಣ್ಣಿನ ಕುಂಡಕ್ಕೆ ಇದ್ದಲಿ, ಒಡೆದ ಹಂಚಿನ ಚೂರು, ಸ್ವಲ್ಪ ತೆಂಗಿನ ಸಿಪ್ಪೆಯ ತುಂಡು ಸಾಕು. ವಂದಾಕ್ಕಂತೂ ಬರೀ ಕಟ್ಟಿಗೆ ಬುಟ್ಟಿ ಸಾಕು.

ವರ್ಷದ ಕೆಲಸ

ಬೇಸಿಗೆ, ಶಿವರಾತ್ರಿಯಿಂದ ಮೃಗ ಮಳೆಯವರೆಗೆ: ಇದೇ ಪರೀಕ್ಷೆಯ ಕಾಲ. ಬೇವಿನ ಮರದ ನೆರಳು ಅಥವಾ ಬಿಸಿಲನ್ನು ಅರ್ಧ ತಡೆಯುವ ಹಸಿರು ಜಾಳಿಗೆ ಬೇಕು. ನೀರು ಮುಂಜಾನೆಯೇ ಕೊಡಬೇಕು. ವಂದಾದ ಬೇರನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆಯಿರಿ. ಉಳಿದ ನೀರು ಮಲ್ಲಿಗೆಗೆ ಹಾಕ್ರಿ, ಹನಿಯೂ ಹಾಳಾಗುವುದಿಲ್ಲ. ಸಂಜೆ ನೆಲಕ್ಕಷ್ಟು ನೀರು ಚಿಮುಕಿಸಿದರೆ ಸುತ್ತಲಿನ ಗಾಳಿ ತಂಪಾಗುತ್ತದೆ.

ಮಳೆಗಾಲ: ಹೊಸ ಬೇರಿನ ಹಸಿರು ತುದಿ ಕಂಡಾಗ ಕುಂಡ ಬದಲಿಸಲು ಸರಿಯಾದ ಹೊತ್ತು. ಗೊಬ್ಬರವೂ ಈಗಲೇ. ದ್ರಾಕ್ಷಿ ತೋಟದವರ ಮನೆಯಲ್ಲಿ 19:19:19 ಇದ್ದೇ ಇರುತ್ತದೆ. ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಬೆಳೆಗೆ ಹಾಕಿದಂತೆ ಕೈಬಿಚ್ಚಿ ಹಾಕಿದರೆ ಬೇರಿನ ತುದಿ ಸುಡುತ್ತದೆ. ಸುಳಿಯಲ್ಲಿ ನೀರು ನಿಂತರೆ ಕುಂಡವನ್ನು ತುಸು ವಾಲಿಸಿ ಇಡ್ರಿ.

ದಸರೆಯಿಂದ ದೀಪಾವಳಿ: ಹಿಂಗಾರಿ ಮಳೆ ನಿಲ್ಲುತ್ತಿದ್ದಂತೆ ಎಳೆಬಿಸಿಲು ಹೆಚ್ಚು ಸಿಗುವಲ್ಲಿಗೆ ಸ್ವಲ್ಪ ಸ್ವಲ್ಪವಾಗಿ ಸರಿಸಿರಿ. ಗೊಬ್ಬರ ಕಡಿಮೆ ಮಾಡಿರಿ.

ಚಳಿಗಾಲ: ವಿಶ್ರಾಂತಿ. ಗೊಬ್ಬರ ಬಂದ್. ನೇರಳೆ ಡೆಂಡ್ರೋಬಿಯಂಗೆ ವಾರಕ್ಕೊಮ್ಮೆ ನೀರು. ನೋಬಿಲೆ ಜಾತಿಗೆ ಅದಕ್ಕಿಂತಲೂ ಕಡಿಮೆ. ಹಳೆಯ ಕಾಂಡ ಸುಕ್ಕುಗಟ್ಟಿದರೆ, ನಾಲ್ಕು ಎಲೆ ಉದುರಿದರೆ ಗಾಬರಿಯಾಗಿ ನೀರು ಸುರಿಯಬೇಡಿ. ಹಳೆಯ ಕಾಂಡವನ್ನು ಕತ್ತರಿಸಲೂಬೇಡಿ, ಮುಂದಿನ ಹೂವಿನ ಬುತ್ತಿ ಅದರಲ್ಲೇ ಇದೆ.

ವರ್ಷವಿಡೀ ನೆನಪಿಡಬೇಕಾದ ಗುರುತು ಎರಡೇ. ಬೇರು ಬೆಳ್ಳಗಾದ ಮೇಲೆಯೇ ಮತ್ತೆ ನೀರು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಕೆಂಪು-ಹಳದಿಯಾದರೆ ಬಿಸಿಲು ಹೆಚ್ಚು, ಗಿಳಿಹಸಿರಾದರೆ ಸರಿ.

ಇನ್ನು ನಮ್ಮ ಬೋರಿನ ಗಡಸು ನೀರು. ಅದರ ಲವಣ ಬೇರಿನ ಮೇಲೆ ಬಿಳಿ ಪೊರೆ ಕಟ್ಟಿ, ಬೇರು ನೀರು ಹೀರದಂತೆ ಮಾಡುತ್ತದೆ. ಶಾಲೆಯ ಮಾಳಿಗೆಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟರೆ ನಾಲ್ಕಾರು ಕುಂಡಗಳಿಗೆ ಬಹಳ ದಿನ ಬರುತ್ತದೆ. ಮಳೆನೀರು ಕೊಯ್ಲಿನ ಪಾಠವೂ ಆಯಿತು.

ಮರದಿಂದ ಕೀಳಬೇಡಿ

ಇಷ್ಟು ಓದಿದ ಮೇಲೆ ಮಕ್ಕಳು ಮರ ಹತ್ತಿ ಒಂದು ವಂದಾ ಕಿತ್ತು ತಂದಾರು. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೀಜ ಇರುತ್ತವೆ, ಧೂಳಿನಂತೆ. ಕಾಳಿನಲ್ಲಿರುವಂತೆ ಅವುಗಳಲ್ಲಿ ಆಹಾರದ ಸಂಗ್ರಹವಿಲ್ಲ. ಮೊಳೆಯಬೇಕಾದರೆ ಸರಿಯಾದ ಶಿಲೀಂಧ್ರ ಬಂದು ಉಣಿಸಬೇಕು. ಇದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ಡ್ 1899ರಲ್ಲಿ ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಬೀಜ ಮೊಳೆಸುವ ವಿಧಾನ ಪ್ರಕಟಿಸಿದರು. ನರ್ಸರಿ ಗಿಡಗಳು ಅಗ್ಗವಾದದ್ದಕ್ಕೆ ಅಂಥ ಪ್ರಯೋಗಶಾಲೆಯ ವಿಧಾನಗಳೇ ಕಾರಣ. ಕಾಡಿನಲ್ಲಿ ಆ ಅನುಕೂಲವಿಲ್ಲ. ಕಿತ್ತ ಒಂದು ಗಿಡದ ಜಾಗ ತುಂಬಲು ವರ್ಷಗಳೇ ಬೇಕು. ಇಡೀ ಆರ್ಕಿಡ್ ಕುಟುಂಬ ಸೈಟೀಸ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದದ ಪಟ್ಟಿಯಲ್ಲಿದೆ.

ಆದರೆ ಗಾಳಿಗೆ ಮುರಿದ ಇಲ್ಲವೇ ರಸ್ತೆಗಾಗಿ ಕಡಿದ ಮರದ ಟೊಂಗೆಯಲ್ಲಿ ವಂದಾ ಕಂಡರೆ, ಮರದ ಒಡೆಯರನ್ನು ಕೇಳಿ ಅದನ್ನು ಉಳಿಸಬಹುದು. ಬೇರು ಹರಿಯದಂತೆ ತೊಗಟೆ ಸಮೇತ ತೆಗೆದು, ಹಳೆಯ ಧೋತರದ ಪಟ್ಟಿಯಿಂದ ಶಾಲೆಯ ಮಾವಿಗೋ ಬೇವಿಗೋ ಕಟ್ಟಿರಿ. ಮಳೆಗಾಲದಲ್ಲಾದರೆ ಹೊಸ ಬೇರು ಬೇಗ ಹಿಡಿಯುತ್ತದೆ. ಬಟ್ಟೆ ತಾನಾಗಿ ಕೊಳೆತು ಬೀಳುತ್ತದೆ.

ತರಗತಿಯಲ್ಲಿ ಮೂರು ಕೆಲಸ

ಒಂದು: ಒಣಗಿದ ಬೇರಿನ ಮೇಲೆ ನೀರು ಚಿಮುಕಿಸಿ, ಬಿಳಿ ಬೇರು ಹಸಿರಾಗಲು ಎಷ್ಟು ಹೊತ್ತು, ಮತ್ತೆ ಬಿಳಿಯಾಗಲು ಎಷ್ಟು ತಾಸು ಅಂತ ಮಕ್ಕಳಿಂದ ಬರೆಸಿರಿ. ಬೇಸಿಗೆಗೂ ಮಳೆಗಾಲಕ್ಕೂ ಹೋಲಿಸಿರಿ.

ಎರಡು: ಬ್ರಯೋಫಿಲಂ ಎಲೆಯೊಂದನ್ನು ಬೆಳಗಾಗುತ್ತಲೇ, ಇನ್ನೊಂದನ್ನು ಸಂಜೆ ಅರೆದು ರಸವನ್ನು ಪಿಎಚ್ ಪಟ್ಟಿಯಿಂದ ನೋಡ್ರಿ. ಲಿಟ್ಮಸ್ ಎರಡು ಹೊತ್ತೂ ಕೆಂಪಾಗಬಹುದು, ಹಾಗಾಗಿ ಪಿಎಚ್ ಪಟ್ಟಿಯೇ ಬೇಕು. ಹೇಯ್ನ್ ಮಾಡಿದಂತೆ ಬಾಯಿಗೆ ಹಾಕುವುದು ಬೇಡ, ಆ ಎಲೆಯಲ್ಲಿ ವಿಷಕಾರಿ ಅಂಶವಿದೆ.

ಮೂರು: ಒಂದು ಕುಂಡಕ್ಕೆ ಒಂದು ವಹಿ. ದಿನದ ಗರಿಷ್ಠ-ಕನಿಷ್ಠ ತಾಪಮಾನ, ಮಳೆ, ನೀರು ಕೊಟ್ಟ ದಿನ, ಹೊಸ ಬೇರು, ಮೊಗ್ಗು, ಹೂ. ಐದನೆಯ ಇಯತ್ತೆಯವರು ಶುರು ಮಾಡಿದ ವಹಿಯನ್ನು ಮುಂದಿನ ವರ್ಷ ಬರುವವರಿಗೆ ಒಪ್ಪಿಸಲಿ.

ನಮ್ಮ ಮಕ್ಕಳು "ನಮ್ಮ ಕಡೆ ಏನೂ ಬೆಳೆಯಂಗಿಲ್ಲ" ಅನ್ನೋ ಮಾತು ಕೇಳುತ್ತಲೇ ದೊಡ್ಡವರಾಗತಾರ. ಎರಡನೆಯ ಸಲ ನಾನು ತಂದ ಡೆಂಡ್ರೋಬಿಯಂಗೆ ಆ ಚಳಿಗಾಲದಲ್ಲಿ ವಾರಕ್ಕೊಂದೇ ಸಲ ನೀರು ಹಾಕಿದೆ. ಯುಗಾದಿ ದಾಟಿದ ಮೇಲೆ ಕಾಂಡದ ತುದಿಯಲ್ಲಿ ಹೂಕಡ್ಡಿ ಹೊರಟಿತು. ಈ ಮೃಗಕ್ಕೆ ನಿಮ್ಮ ಶಾಲೆಯ ಪಡಸಾಲೆಯಲ್ಲೂ ಒಂದು ಕುಂಡ ತೂಗಲಿ. ಹೂ ಬಂದ ತಾರೀಖು ವಹಿಯಲ್ಲಿ ಬರೆದು ನಮಗೂ ತಿಳಿಸಿರಿ.