ಹತ್ತುವ ಅಟ್ಟಣೆಯೋ, ಕಟ್ಟುವ ಅಟ್ಟಣೆಯೋ?

ನವೆಂಬರ್ 15 ಬಂತೆಂದರೆ ನಮ್ಮ ಟೀಮಿನ ಮಿಷಿಗನ್ ಭಾಗ ಅರ್ಧ ಖಾಲಿ. ಅಲ್ಲಿ ಅಂದು ಬಂದೂಕಿನ ಜಿಂಕೆ ಬೇಟೆ ಶುರು. ಲೈಸೆನ್ಸ್ ಇದ್ದವರಿಗೆ ತಿಂಗಳ ಕೊನೆಯವರೆಗೂ ಕಾಡೇ ಆಫೀಸು. ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾಲ್‌ಗೆ ಕೂತ ನನಗೆ ಅದರ ಹಿಂದಿನ ಎರಡು ವಾರ ಕೋಡ್‌ಗಿಂತ ಹೆಚ್ಚಾಗಿ ಕಿವಿಗೆ ಬೀಳುವ ಚರ್ಚೆ ಒಂದೇ: ಮರಕ್ಕೆ ಯಾವ ಸ್ಟ್ಯಾಂಡ್ ಒಳ್ಳೆಯದು, ಕ್ಲೈಂಬರೋ ಹ್ಯಾಂಗ್ ಆನೋ?

ಮರದ ಮೇಲೆ ಕೂತು ಕಾಯುವುದು ನಮಗೇನೂ ಹೊಸದಲ್ಲ. ನಮ್ಮ ಮಲೆನಾಡಿನ ಗದ್ದೆಯಂಚಿನಲ್ಲಿ ಅದು ಅಟ್ಟಣೆ, ಕೆಲವು ಕಡೆ ಮಾಳ. ಇಲ್ಲಿ ತೆಲಂಗಾಣದ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟುವುದು ಮಂಚೆ. ನಮ್ಮ ಮಂಚ ಮಲಗುವುದಕ್ಕೆ, ಇವರ ಮಂಚೆ ಮಲಗದೇ ಇರುವುದಕ್ಕೆ! ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗಂತೂ ಮಚಾನು ಎಂಬ ಪದ ಕೇಳಿದರೆ ಸಾಕು, ಬೆನ್ನ ಹುರಿಯಲ್ಲಿ ಚಳಿ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಆ ಸ್ಟ್ಯಾಂಡು ಜಿಂಕೆ ಹೊಡೆಯುವುದಕ್ಕೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಹೊಡೆಯುವುದಷ್ಟೇ ಅಲ್ಲ, ಬಲೆ ಒಡ್ಡುವುದು, ಆಮಿಷ ಇಟ್ಟು ಕರೆಯುವುದು, ಪ್ರಯತ್ನಿಸುವುದು ಎಲ್ಲವೂ ಆ ಕಾಯ್ದೆಯ ಭಾಷೆಯಲ್ಲಿ ಬೇಟೆಯೇ. ಜಮೀನು ನನ್ನದು ಅಂದರೂ ಬಿಡುವುದಿಲ್ಲ. ತೆಲಂಗಾಣಕ್ಕೆ ಜಿಂಕೆ ರಾಜ್ಯಪ್ರಾಣಿ ಬೇರೆ. ನಿಜಾಮರ ಕಾಲದ ಬೇಟೆಯ ಬಯಲೇ ಇಂದು ವನಸ್ಥಲಿಪುರದ ಹತ್ತಿರ ಹರಿಣ ವನಸ್ಥಲಿ. ನಮ್ಮ ಮನೆಯಿಂದ ಸ್ವಲ್ಪ ದೂರದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರ್ ಓಡಿದಾಗ, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆದದ್ದು ಎಲ್ಲರಿಗೂ ನೆನಪಿರಬಹುದು. ಆಗ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ್ದು ಜಿಂಕೆಗಳ ಚಿತ್ರಗಳೇ.

ಹಾಗಾದರೆ ಈ ಸ್ಟ್ಯಾಂಡಿನ ಚರ್ಚೆ ನಮಗ್ಯಾಕೆ? ಯಾಕೆಂದರೆ ಸಾಗರದ ಹತ್ತಿರ ಇರುವ ನನ್ನ ಚಿಕ್ಕಪ್ಪನ ಮಗ ಹೋದ ಮಳೆಗಾಲ ಮುಗಿಯುತ್ತಿದ್ದಂತೆ ಫೋನ್ ಮಾಡಿ ಕೇಳಿದ: "ಅಣ್ಣಾ, ಆನ್‌ಲೈನಲ್ಲಿ ಮರಕ್ಕೆ ಹಾಕೋ ಸ್ಟ್ಯಾಂಡ್ ಸಿಗ್ತದಂತಲ್ಲ, ಯಾವುದು ತಗಳ್ಳಿ?" ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ, ಕಡವೆ ಇಳಿಯುತ್ತವೆ. ರಾತ್ರಿ ಟಾರ್ಚು, ತಗಡಿನ ಡಬ್ಬ, ಪಟಾಕಿ ಹಿಡಿದು ಎರಡು ತಿಂಗಳು ಕಾಯಬೇಕು. ಅವನ ಹಳೆಯ ಅಟ್ಟಣೆ ಬಿದಿರು ಮತ್ತು ಬಳ್ಳಿಯದು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು, ಕಟ್ಟುವವರು ಸಿಗುವುದಿಲ್ಲ. ಹಿಂದಿನ ವರ್ಷ ಪಕ್ಕದ ಊರಿನ ಒಬ್ಬರು ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವನ ಪ್ರಶ್ನೆಯ ಹಿಂದೆ ಇದ್ದದ್ದು ಆ ಭಯ.

ಮಿಷಿಗನ್ನಿನವರಿಂದ ಕೇಳಿ, ವಿವರಗಳನ್ನು ಓದಿ ನನಗೆ ತಿಳಿದದ್ದನ್ನು ಅವನಿಗೆ ಹೇಳಿದೆ.

ಕ್ಲೈಂಬರ್ ಅಂದರೆ ಹತ್ತುವ ಅಟ್ಟಣೆ. ಎರಡು ತುಂಡು: ಮೇಲಿನದು ಕೂರುವ ಚೌಕಟ್ಟು, ಕೆಳಗಿನದು ಕಾಲಿಡುವ ಹಲಗೆ. ಎರಡಕ್ಕೂ ಕಾಂಡವನ್ನು ಬಳಸುವ ಒಂದೊಂದು ಕೇಬಲ್. ಭಾರ ಬಿದ್ದಾಗ ಚೌಕಟ್ಟು ಮರವನ್ನು ಕಚ್ಚುತ್ತದೆ, ಭಾರ ತೆಗೆದಾಗ ಸಡಿಲಾಗುತ್ತದೆ. ಕೂತು ಕಾಲಿನಿಂದ ಕೆಳಗಿನದನ್ನು ಎತ್ತು, ನಿಂತು ಕೈಯಿಂದ ಮೇಲಿನದನ್ನು ಎತ್ತು. ಕಂಬಳಿಹುಳದ ನಡಿಗೆ. ತೆಂಗಿನ ಮರ ಹತ್ತುವ ಯಂತ್ರ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಣ್ಣೂರಿನ ಕಡೆಯ ಚೆಂಬೇರಿ ಮಾದರಿಯಲ್ಲಿ ನಿಂತು ಹತ್ತುತ್ತಾರೆ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕೂತು ಹತ್ತುತ್ತಾರೆ. ತತ್ವ ಒಂದೇ.

ಇದರ ಲಾಭ: ಇಡೀ ಸರಂಜಾಮು ಸುಮಾರು ಹತ್ತು ಕಿಲೋ, ಬೆನ್ನಿಗೆ ಹಾಕಿಕೊಂಡು ಹೋಗಿ, ಬೇಕಾದ ಮರಕ್ಕೆ ಕಟ್ಟಿ, ಬೆಳಿಗ್ಗೆ ಇಳಿಸಿ ತರಬಹುದು. ಕಳ್ಳರ ಭಯವಿಲ್ಲ. ಆದರೆ ಮರ ನೆಟ್ಟಗಿರಬೇಕು, ಕೂರುವ ಎತ್ತರದವರೆಗೆ ಒಂದೂ ಕೊಂಬೆ ಇರಬಾರದು, ತೀರಾ ದಪ್ಪವೂ ತೀರಾ ಸಣ್ಣವೂ ಆಗಬಾರದು. ಅಮೆರಿಕದ ಕಾಡಿನಲ್ಲಿ ಅಂಥ ಮರ ಹುಡುಕುವುದು ಕಷ್ಟವಿಲ್ಲವಂತೆ. ನಮ್ಮ ಗದ್ದೆಯಂಚಿನಲ್ಲಿ? ನೆಟ್ಟಗಿರುವುದು ಅಡಿಕೆ, ಅದು ಸಣ್ಣ, ಬಳುಕುತ್ತದೆ. ಸಿಲ್ವರ್ ಓಕ್ ನೆಟ್ಟಗಿದೆ, ಅದಕ್ಕೆ ಕಾಳುಮೆಣಸು ಹಬ್ಬಿರುತ್ತದೆ. ಹತ್ತಿದರೆ ಬಳ್ಳಿಯೆಲ್ಲ ಸುಲಿದು ಬರುತ್ತದೆ, ಹಂದಿ ತಿನ್ನುವ ಭತ್ತಕ್ಕಿಂತ ಅದರ ನಷ್ಟವೇ ಜಾಸ್ತಿ. ನೀಲಗಿರಿ ನೆಟ್ಟಗಿದೆ, ಆದರೆ ತೊಗಟೆ ಸಿಪ್ಪೆಯಂತೆ ಕಳಚುತ್ತದೆ, ಅದರಡಿಯ ಮೈ ನುಣುಪು. ಕಚ್ಚಬೇಕಾದ ಹಲ್ಲು ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಯಾವ ಮರಕ್ಕೂ ಇದೇ ಕಥೆ. ಉಳಿದದ್ದು ಸಾಗುವಾನಿ, ಅಕೇಶಿಯಾ. ಗದ್ದೆ ಕಾಣುವ ಕಡೆ ಅವು ಇದ್ದರೆ ಪುಣ್ಯ.

ಇನ್ನೊಂದು ಸೂಕ್ಷ್ಮ. ಮರ ಮೇಲೆ ಹೋದಂತೆ ಸಣ್ಣಗಾಗುತ್ತದೆ. ನೆಲದಲ್ಲಿ ಸಮತಲವಾಗಿ ಕಟ್ಟಿದ ಹಲಗೆ ಇಪ್ಪತ್ತು ಅಡಿಗೆ ಹೋಗುವಾಗ ಮುಂದಕ್ಕೆ ವಾಲುತ್ತದೆ. ಹಾಗಾಗಿ ಶುರುವಿನಲ್ಲೇ ತುದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಬೇಕು. ಎರಡೂ ತುಂಡಿಗೆ ನಡುವೆ ಒಂದು ಹಗ್ಗ ಇರಲೇಬೇಕು. ಕಾಲಿನ ಹಲಗೆ ಕಳಚಿ ಕೆಳಗೆ ಬಿದ್ದರೆ ಮೇಲಿನವನು ಬೆಳಗಾಗುವವರೆಗೆ ತ್ರಿಶಂಕು.

ಹ್ಯಾಂಗ್ ಆನ್ ಅಂದರೆ ಕಟ್ಟುವ ಅಟ್ಟಣೆ. ಒಂದೇ ತುಂಡಿನ ಹಲಗೆ, ಮೇಲೊಂದು ಪುಟ್ಟ ಆಸನ, ಮರಕ್ಕೆ ಬಿಗಿಯುವ ಪಟ್ಟಿ ಅಥವಾ ಸರಪಳಿ. ಇದು ತಾನಾಗಿ ಮೇಲೆ ಹೋಗುವುದಿಲ್ಲ, ನೀವು ಹತ್ತಲು ಬೇರೆ ಏಣಿಯೋ ತುಂಡು ಮೆಟ್ಟಿಲುಗಳೋ ಬೇಕು. ಆದರೆ ಸೊಟ್ಟ ಮರವಾದರೂ ಆಯಿತು, ಕೊಂಬೆ ಇದ್ದರೂ ಆಯಿತು. ಕೊಂಬೆ ಇದ್ದರೆ ಒಳ್ಳೆಯದೇ, ಮರೆ ಸಿಗುತ್ತದೆ. ಮತ್ತಿ, ಹಲಸು, ಮಾವು ಯಾವುದಕ್ಕೂ ಹೊಂದುತ್ತದೆ. ಹತ್ತುವಾಗ ಸದ್ದಿಲ್ಲ. ಕಷ್ಟವಿರುವುದು ಕಟ್ಟುವ ದಿನ: ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಕಬ್ಬಿಣ. ಆ ಕೆಲಸಕ್ಕೆ ಇಬ್ಬರು ಬೇಕು, ಹಗಲು ಬೇಕು. ಇನ್ನು ಬಿಸಿಲು ಮಳೆಗೆ ಪಟ್ಟಿ ಕೊಳೆಯುತ್ತದೆ, ಬೆಳೆಯುವ ಮರ ಅದನ್ನು ಹಿಗ್ಗಿಸುತ್ತದೆ. ಸುಗ್ಗಿ ಮುಗಿದ ಮೇಲೆ ಬಿಚ್ಚಿ ಒಳಗಿಡುವ ಸೋಮಾರಿತನ ಮಾಡಿದರೆ ಮುಂದಿನ ವರ್ಷದ ಅಟ್ಟಣೆ ನಂಬುವಂಥದ್ದಲ್ಲ.

ನನ್ನ ತೀರ್ಪು ಇಷ್ಟು. ದಿನಕ್ಕೊಂದು ಮರ ಬದಲಿಸುವ ಫೋಟೋಗ್ರಾಫರ್‌ಗೆ, ಸಂಶೋಧಕನಿಗೆ ಕ್ಲೈಂಬರ್ ಸರಿ (ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿದ್ದರೆ). ವರ್ಷವರ್ಷವೂ ಅದೇ ಗದ್ದೆ, ಅದೇ ಮೂಲೆ ಕಾಯುವ ರೈತನಿಗೆ ಕಟ್ಟುವ ಅಟ್ಟಣೆಯೇ ಸರಿ. ಆನೆ ಓಡಾಡುವ ಕಡೆ ಎರಡೂ ಬೇಡ. ಮರವನ್ನೇ ಉರುಳಿಸುವ ಪ್ರಾಣಿಗೆ ಯಾವ ಬ್ರ್ಯಾಂಡಿನ ಸ್ಟ್ಯಾಂಡಾದರೂ ಒಂದೇ.

ಅಷ್ಟರಲ್ಲಿ ಅವನು "ಚಿಗಳಿ ಇದ್ರೆ ಎಂತ ಮಾಡೋದು?" ಅಂದ. ಮಿಷಿಗನ್ನಿನವರ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಅದು. ಮಾವಿನ ಮರದ ಕೆಂಪಿರುವೆ ಅಂಗಿಯೊಳಗೆ ಹೊಕ್ಕರೆ ಹದಿನೈದು ಅಡಿ ಮೇಲೆ ಯಾರೂ ಸುಮ್ಮನೆ ಕೂರಲಾರರು. ಚಿಗಳಿ ಗೂಡು, ಹೆಜ್ಜೇನು, ಒಣಗಿದ ಕೊಂಬೆ ಈ ಮೂರನ್ನು ಹಗಲಲ್ಲೇ ನೋಡಿ ಮರ ಆರಿಸಬೇಕು ಎಂಬ ಪಾಠ ಅವನಿಂದ ನನಗೆ.

ಆದರೆ ಸ್ಟ್ಯಾಂಡಿಗಿಂತ ಮೊದಲು ಕೊಳ್ಳಬೇಕಾದದ್ದು ಹಾರ್ನೆಸ್. ಸೊಂಟಕ್ಕೆ ಬಿಗಿಯುವ ಬೆಲ್ಟಲ್ಲ. ಭುಜ, ಎದೆ, ತೊಡೆ ಎಲ್ಲ ಹಿಡಿಯುವಂಥದ್ದು. ಮರದಿಂದ ಬೀಳುವುದು ಬಹುಪಾಲು ನಿದ್ದೆಗಣ್ಣಿನಲ್ಲಿ ಕೂತಾಗ ಅಲ್ಲ; ಹತ್ತುವಾಗ, ಇಳಿಯುವಾಗ, ಏಣಿಯಿಂದ ಹಲಗೆಗೆ ಕಾಲು ಬದಲಿಸುವ ಆ ಒಂದು ಕ್ಷಣದಲ್ಲಿ. ಆದ್ದರಿಂದ ಮೇಲಿನ ಕಾಂಡಕ್ಕೆ ಕಟ್ಟಿದ ಒಂದು ಹಗ್ಗ ನೆಲದವರೆಗೆ ಇಳಿಬಿದ್ದಿರಬೇಕು. ಅದಕ್ಕೆ ಪ್ರೂಸಿಕ್ ಎಂಬ ಜಾರುಗಂಟು ಹಾಕಿ ಹಾರ್ನೆಸ್ ಸಿಕ್ಕಿಸಿದರೆ, ಕೈಯಿಂದ ತಳ್ಳಿದಾಗ ಗಂಟು ಸರಿಯುತ್ತದೆ, ಜಗ್ಗಿದಾಗ ಹಿಡಿಯುತ್ತದೆ. ನಮ್ಮ ಮಣಿಕೊಂಡದ ಟವರುಗಳಿಗೆ ಬಣ್ಣ ಬಳಿಯುವವರನ್ನು ಗಮನಿಸಿ. ಸರಿಯಾಗಿ ಕೆಲಸ ಮಾಡಿಸುವ ಕಡೆ ಅವರು ಕೂತ ಹಲಗೆಗೆ ಒಂದು ಹಗ್ಗ, ಜೀವಕ್ಕೆ ಬೇರೆಯದೇ ಇನ್ನೊಂದು ಹಗ್ಗ.

ಹಾರ್ನೆಸ್‌ನಲ್ಲಿ ನೇತಾಡುವುದೂ ಆಟವಲ್ಲ. ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ಮೇಲೆ ಬರದೆ ಮನುಷ್ಯ ಪ್ರಜ್ಞೆ ತಪ್ಪಬಹುದು. ಅದಕ್ಕೇ ಕಾಲಿಟ್ಟು ನಿಲ್ಲಲು ಒಂದು ಕುಣಿಕೆ ಜೇಬಿನಲ್ಲಿರಬೇಕು, ಫೋನು ಕೈಗೆಟಕುವ ಕಡೆ ಇರಬೇಕು, ಯಾವ ಮರದಲ್ಲಿದ್ದೇನೆ ಎಂದು ಮನೆಯಲ್ಲಿ ಹೇಳಿರಬೇಕು. ಟಾರ್ಚು, ಡಬ್ಬ, ಕತ್ತಿ ಯಾವುದನ್ನೂ ಹಿಡಿದು ಹತ್ತಬಾರದು. ಮೇಲೆ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು.

ಕಡೆಗೆ ಅವನು ಆನ್‌ಲೈನ್ ಸ್ಟ್ಯಾಂಡ್ ಕೊಳ್ಳಲಿಲ್ಲ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸಿ, ಗದ್ದೆಯ ಮೂಲೆಯ ಮತ್ತಿ ಮರಕ್ಕೆ ಹನ್ನೆರಡು ಅಡಿ ಎತ್ತರದಲ್ಲಿ ಕಟ್ಟಿಸಿದ್ದಾನೆ. ಕೂರುವ ಮೊದಲು ಎರಡು ಭತ್ತದ ಮೂಟೆ ಹೇರಿ ಒಂದು ರಾತ್ರಿ ಹಾಗೇ ಬಿಟ್ಟು ನೋಡಿದನಂತೆ. ಹಾರ್ನೆಸ್ ಮಾತ್ರ ನಾನು ಇಲ್ಲಿಂದ ಕಳಿಸಿದೆ. ಚಿಕ್ಕಮ್ಮ ಫೋನಿನಲ್ಲಿ, "ಎತ್ತಿಗೆ ಕಟ್ಟೋ ಹಂಗೆ ಕಟ್ಕಂಡು ಹೋಗ್ತಾನೆ ನೋಡು" ಎಂದು ನಕ್ಕರು. ಕಟ್ಟಿಕೊಳ್ಳದೆ ಹೋದರೆ ಊಟ ಕೊಡಬೇಡಿ ಎಂದು ಹೇಳಿದ್ದೇನೆ.